‘ಸತ್ತ’ ಎಸ್‌ಎಸ್‌ಡಿಯ ಕಥೆ

ಕಚೇರಿಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಇಷ್ಟು ವರ್ಷಗಳಲ್ಲಿ ಎಷ್ಟು ಲ್ಯಾಪ್‌ಟಾಪ್‌ಗಳ ಹೊಟ್ಟೆ ಬಿಚ್ಚಿದ್ದೇನೋ ಲೆಕ್ಕವಿಟ್ಟಿಲ್ಲ. ಹಾರ್ಡ್ ಡಿಸ್ಕ್ ತೆಗೆದು, ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿ ಹಾಕುವುದು ನನ್ನ ರಿಜಿಸ್ಟರ್‌ನಲ್ಲಿ ಅರ್ಧ ದಿನದ ಕೆಲಸ. ಈ ಒಂದು ಲ್ಯಾಪ್‌ಟಾಪ್ ಮಾತ್ರ ಹದಿನೈದು ದಿನ ತಿಂದಿತು. ಅದರಲ್ಲಿ ಯಂತ್ರದ ತಪ್ಪಿನಿಂದ ಹೋದದ್ದು ಒಂದು ರಾತ್ರಿ. ಉಳಿದದ್ದೆಲ್ಲ ನನ್ನ ಖಾತೆಗೆ.

ಲೆಕ್ಕಪತ್ರ ವಿಭಾಗದ ಮೇಡಂ ಒಬ್ಬರು ಬಳಸುತ್ತಿದ್ದ ಲ್ಯಾಪ್‌ಟಾಪ್ ಅದು. ಒಳಗೆ ನಿಮಿಷಕ್ಕೆ 5,400 ಸುತ್ತು ತಿರುಗುವ 1 ಟಿಬಿ ಹಾರ್ಡ್ ಡಿಸ್ಕ್. ಬೆಳಿಗ್ಗೆ ಬಂದು ಗುಂಡಿ ಒತ್ತಿ, ಹಿಂದಿನ ದಿನದ ವೋಚರ್‌ಗಳನ್ನು ಜೋಡಿಸಿ, ತೂತು ಹಾಕಿ ಕಡತಕ್ಕೆ ಸೇರಿಸಿ ತಲೆಯೆತ್ತುವ ಹೊತ್ತಿಗೆ ಪರದೆ ತೆರೆದುಕೊಳ್ಳುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆಗೆದರೆ ಡಿಸ್ಕ್ ಬಳಕೆ ನೂರಕ್ಕೆ ನೂರು, ಪ್ರೊಸೆಸರ್ ಮಾತ್ರ ಕೈಕಟ್ಟಿ ಕುಳಿತಿರುತ್ತಿತ್ತು. ಹಾರ್ಡ್ ಡಿಸ್ಕ್ ಒಂದೊಂದು ಚೂರನ್ನು ಹುಡುಕಲೂ ತಲೆಯನ್ನು ಅತ್ತಿತ್ತ ಸರಿಸಬೇಕು, ತಟ್ಟೆ ತಿರುಗಿ ಬರುವವರೆಗೆ ಕಾಯಬೇಕು. ಒಂದು ಹುಡುಕಾಟಕ್ಕೆ ಹತ್ತು ಮಿಲಿಸೆಕೆಂಡಿನ ಆಸುಪಾಸು ಎಂದರೆ ಕಡಿಮೆ ಅನ್ನಿಸುತ್ತದೆ. ವಿಂಡೋಸ್ ಏಳುವಾಗ ಅಂಥ ಸಾವಿರಾರು ಹುಡುಕಾಟಗಳು ನಡೆಯುತ್ತವೆ. ಇಂಥ ಯಂತ್ರಕ್ಕೆ ಎಸ್‌ಎಸ್‌ಡಿಯನ್ನು ಬಿಟ್ಟು ಬೇರೆ ಮದ್ದಿಲ್ಲ.

ಕೆಳಗಿನ ಮುಚ್ಚಳ ಬಿಚ್ಚಿದೆ. ಹಾರ್ಡ್ ಡಿಸ್ಕ್‌ನ ಪಕ್ಕದಲ್ಲಿ ಖಾಲಿ ಎಂ.2 ಸ್ಲಾಟ್ (ತೆಳ್ಳನೆಯ ಪಟ್ಟಿಯಂಥ ಎಸ್‌ಎಸ್‌ಡಿ ಕೂರಿಸುವ ಕಿಂಡಿ) ಕಂಡಿತು. ನನಗೆ ಆಸೆ ಹುಟ್ಟಿದ್ದು ಅಲ್ಲಿ. ಹಾರ್ಡ್ ಡಿಸ್ಕ್‌ನ ಜಾಗಕ್ಕೆ ಅದೇ ಸಾಟಾ ಎಂಬ ಹಳೆಯ ಸಂಪರ್ಕ ಬಳಸುವ 2.5 ಇಂಚಿನ ಎಸ್‌ಎಸ್‌ಡಿ ಹಾಕಿದ್ದರೆ ಸೆಕೆಂಡಿಗೆ ಸುಮಾರು 550 ಎಂಬಿ ವೇಗ ಸಿಗುತ್ತಿತ್ತು, ವೋಚರ್ ಲೆಕ್ಕಕ್ಕೆ ಅದು ಧಾರಾಳವಾಗಿ ಸಾಕು. ಆದರೆ ಎನ್‌ವಿಎಂಇ ಎಂಬ ಇನ್ನೂ ವೇಗದ ಬಗೆಯ ಎಸ್‌ಎಸ್‌ಡಿಯ ಪೆಟ್ಟಿಗೆಯ ಮೇಲೆ 3,500 ಎಂದು ಅಚ್ಚಾಗಿರುತ್ತದೆ. ಆ ಅಂಕಿಗೆ ಮರುಳಾದೆ. ಅಳತೆ ನೋಡಿದೆ: 2280, ಅಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಸ್ಲಾಟ್‌ನ ಕಚ್ಚು ಎನ್‌ವಿಎಂಇ ಡ್ರೈವ್‌ಗೆ ಹೊಂದುವ ಎಂ-ಕೀ ಬದಿಯಲ್ಲಿತ್ತು. ಎರಡೂ ಹೊಂದುತ್ತವೆ ಎಂದು ತರಿಸಿಕೊಂಡೆ.

ಎಂ.2 ಡ್ರೈವ್ ಕೂರಿಸುವುದು ಕೈಗೆ ಹಿತವಾದ ಕೆಲಸ. ಬ್ಯಾಟರಿಯ ತಂತಿ ಬಿಡಿಸಿ, ಡ್ರೈವನ್ನು ಓರೆಯಾಗಿ ಸ್ಲಾಟ್‌ಗೆ ತಳ್ಳಬೇಕು. ಚಿನ್ನದ ಬಣ್ಣದ ಹಲ್ಲುಗಳು ಪೂರ್ತಿ ಒಳಗೆ ಹೋದಾಗ ಬೆರಳಿಗೆ ಒಂದು ಸಣ್ಣ ತಡೆ ಸಿಕ್ಕಿ ಬಿಟ್ಟಂತೆ ಆಗುತ್ತದೆ. ಕೈಬಿಟ್ಟರೆ ಬಾಲ ಮೇಲಕ್ಕೆ ಎದ್ದು ನಿಲ್ಲುತ್ತದೆ. ಅದನ್ನು ಒತ್ತಿ ಹಿಡಿದು ಸಣ್ಣ ತಿರುಪು ಬಿಗಿದರೆ ಮುಗಿಯಿತು. ಬೇರೆ ಜಾಗದ ಉದ್ದನೆಯ ತಿರುಪನ್ನು ಅಲ್ಲಿಗೆ ಹಾಕಿ ಕೀಬೋರ್ಡಿನ ಬೆನ್ನು ಚುಚ್ಚಿದವರನ್ನು ನೋಡಿದ್ದೇನೆ. ಹಾಗಾಗಿ ತಿರುಪುಗಳನ್ನು ಕಾಗದದ ಮೇಲೆ, ಲ್ಯಾಪ್‌ಟಾಪಿನಲ್ಲಿ ಎಲ್ಲಿದ್ದವೋ ಅದೇ ಚಿತ್ರದಂತೆ ಜೋಡಿಸಿಡುತ್ತೇನೆ. ಇಲ್ಲಿಯವರೆಗೆ ಎಲ್ಲವೂ ಅಚ್ಚುಕಟ್ಟು.

ಯಂತ್ರ ಆನ್ ಮಾಡಿ ಬಯೋಸ್‌ಗೆ (ವಿಂಡೋಸ್‌ಗೂ ಮೊದಲು ಏಳುವ, ಯಂತ್ರದ ಸೆಟ್ಟಿಂಗ್‌ಗಳನ್ನು ಇಟ್ಟುಕೊಂಡಿರುವ ತಂತ್ರಾಂಶ) ಹೋದರೆ ಹೊಸ ಡ್ರೈವ್ ಇಲ್ಲವೇ ಇಲ್ಲ. ಬಿಚ್ಚಿ ಮತ್ತೆ ಕೂರಿಸಿದೆ. ಹಲ್ಲುಗಳನ್ನು ಒರೆಸಿದೆ. ಮೂರನೆಯ ಸಲ ಸ್ವಲ್ಪ ಜೋರಾಗಿಯೇ ತಳ್ಳಿದೆ. ಇಲ್ಲ. ಮುಚ್ಚಳ ಹಾಕಿ ಲ್ಯಾಪ್‌ಟಾಪನ್ನು ಮೇಡಂಗೆ ಹಿಂತಿರುಗಿಸಿ, ಡ್ರೈವ್ ಪೂರೈಸಿದವರಿಗೆ ಪತ್ರ ಬರೆದೆ: “ತಾವು ಕಳುಹಿಸಿದ ಡ್ರೈವ್ ಸತ್ತಿದೆ. ದಯವಿಟ್ಟು ಬದಲಿಸಿ ಕೊಡಿ.” ‘ಕಾಣಿಸುತ್ತಿಲ್ಲ’ ಎಂದು ಬರೆಯಬಹುದಿತ್ತು. ನಾನು ಕಂಡದ್ದು ಅಷ್ಟೇ. ಆದರೆ ‘ಸತ್ತಿದೆ’ ಎಂದೇ ಬರೆದೆ.

ವಾರ ಕಳೆದು ಎರಡನೆಯದು ಬಂತು. ಅದೂ ಕಾಣಿಸಲಿಲ್ಲ. ಬುದ್ಧಿ ಇದ್ದವನಾಗಿದ್ದರೆ ಅಲ್ಲಿಗೇ ನಿಲ್ಲುತ್ತಿದ್ದೆ. ಹೊಚ್ಚಹೊಸ ಎರಡು ಡ್ರೈವ್‌ಗಳು ಸಾಲಾಗಿ ಸತ್ತಿರುವ ಸಂಭವ ಎಷ್ಟು? ಡ್ರೈವ್ ಬದಲಾಗಿದೆ, ದೋಷ ಬದಲಾಗಿಲ್ಲ ಎಂದಮೇಲೆ ಬದಲಾಗದೆ ಉಳಿದದ್ದರ ಕಡೆಗೆ ನೋಡಬೇಕಿತ್ತು. ನಾನು ನೋಡಲಿಲ್ಲ. ಸಂಜೆಯಾಗಿತ್ತು, ಲೆಕ್ಕ ಮುಗಿಸುವ ದಿನಗಳು ಹತ್ತಿರ ಬಂದಿದ್ದವು, ಮೇಡಂ ಎರಡು ಸಲ ಬಂದು ಏನೂ ಹೇಳದೆ ನಿಂತು ಹೋಗಿದ್ದರು. ಬಯೋಸ್ ಹೊಸ ಆವೃತ್ತಿಗೆ ಏರಿಸಿದೆ. ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೆಟ್ಟಿಂಗನ್ನು ಆಫ್ ಮಾಡಿದೆ, ಮತ್ತೆ ಆನ್ ಮಾಡಿದೆ. ಕೊನೆಗೆ ‘ಮೂಲ ಸೆಟ್ಟಿಂಗ್‌ಗಳಿಗೆ ಮರಳಿ’ ಎಂಬುದನ್ನು ಒತ್ತಿ ಉಳಿಸಿದೆ. ಯಾವುದನ್ನೂ ಬರೆದಿಟ್ಟುಕೊಳ್ಳಲಿಲ್ಲ, ಪರದೆಯ ಫೋಟೊ ಕೂಡ ತೆಗೆಯಲಿಲ್ಲ. ಈ ಕೊನೆಯ ಒತ್ತು ಮುಂದೆ ಬಡ್ಡಿಸಹಿತ ವಸೂಲಾಯಿತು. ಲ್ಯಾಪ್‌ಟಾಪ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇರಲಿಲ್ಲ ಎಂಬುದು ನನ್ನ ಪುಣ್ಯ. ಇದ್ದಿದ್ದರೆ ಇಷ್ಟು ಕೆದಕಿದ್ದಕ್ಕೆ 48 ಅಂಕಿಗಳ ಕೀಲಿ ಕೇಳಿಕೊಂಡು ಕೂರುತ್ತಿತ್ತು. ಬಯೋಸ್ ಮುಟ್ಟುವ ಮೊದಲು ಅದನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕು, ಕೀಲಿ ಎಲ್ಲಿದೆ ಎಂದು ಕಣ್ಣಾರೆ ನೋಡಿಕೊಂಡಿರಬೇಕು.

ಮರುದಿನ ನಮ್ಮ ವಿಭಾಗದ ಹಿರಿಯರೊಬ್ಬರು ಮೇಜಿನ ಮೇಲೆ ಹರಡಿಕೊಂಡಿದ್ದ ಸಾಮಾನು ನೋಡಿ ಕೇಳಿದರು: “ಏನಪ್ಪಾ ಇದು?”

“ಇದೂ ಸತ್ತಿದೆ ಸರ್. ಎರಡನೆಯದು.”

“ಬೇರೆ ಯಂತ್ರಕ್ಕೆ ಹಾಕಿ ನೋಡಿದೆಯಾ?”

ನೋಡಿರಲಿಲ್ಲ. ಕೈಯಳತೆಯಲ್ಲಿ ನನ್ನದೇ ಲ್ಯಾಪ್‌ಟಾಪ್ ಇತ್ತು, ಅದರಲ್ಲಿ ಎನ್‌ವಿಎಂಇ ಸ್ಲಾಟ್ ಕೂಡ ಇತ್ತು. ಐದು ನಿಮಿಷದಲ್ಲಿ ಬದಲಿಸಿ ಹಾಕಿದೆ. ಡ್ರೈವ್ ಏನೂ ಆಗಿಲ್ಲವೆಂಬಂತೆ ಬಯೋಸ್‌ನಲ್ಲಿ ತನ್ನ ಹೆಸರು, ಗಾತ್ರ ಎಲ್ಲವನ್ನೂ ತೋರಿಸಿತು. ಅವರು ಮುಂದೆ ಮಾತಾಡಲಿಲ್ಲ. ನಾನು ಆ ಮಾದರಿಯ ಸರ್ವಿಸ್ ಕೈಪಿಡಿ ತೆರೆದೆ. ಕೋಷ್ಟಕದ ಒಂದು ಸಾಲಿನಲ್ಲಿ ಸ್ಪಷ್ಟವಾಗಿತ್ತು: ಎಂ.2 ಸ್ಲಾಟ್, ಸಾಟಾ ಮಾತ್ರ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿ ಹೇಳಬೇಕು, ಇದರಲ್ಲಿ ಎಡವುವವರು ಬಹಳ. ಎಂ.2 ಎಂಬುದು ಆಕಾರದ ಹೆಸರು. ಆ ಆಕಾರದೊಳಗೆ ಹರಿಯುವ ಭಾಷೆ ಸಾಟಾ ಆಗಿರಬಹುದು, ಪಿಸಿಐಇ ಎಂಬ ವೇಗದ ದಾರಿಯ ಮೇಲೆ ನಡೆಯುವ ಎನ್‌ವಿಎಂಇ ಆಗಿರಬಹುದು. ಕೆಲವು ಸ್ಲಾಟ್‌ಗಳಿಗೆ ಎರಡೂ ಬರುತ್ತವೆ, ಕೆಲವಕ್ಕೆ ಒಂದೇ. ಸಾಮಾನ್ಯವಾಗಿ ಎನ್‌ವಿಎಂಇ ಡ್ರೈವ್‌ಗೆ ಒಂದು ಕಚ್ಚು, ಸಾಟಾ ಎಂ.2 ಡ್ರೈವ್‌ಗೆ ಎರಡು ಕಚ್ಚು ಇರುತ್ತವೆ. ಹಾಗೆಂದು ಕಚ್ಚು ಹೊಂದಿದ ಮಾತ್ರಕ್ಕೆ ತಂತಿ ಹೊಂದಿದೆ ಎಂದಲ್ಲ. ಮದರ್‌ಬೋರ್ಡ್ ಮಾಡಿದವರು ಎಂ-ಕೀ ಸ್ಲಾಟ್ ಕೂರಿಸಿ ಅದಕ್ಕೆ ಸಾಟಾದ ದಾರಿಯನ್ನಷ್ಟೇ ಎಳೆದಿರಬಹುದು. ನನ್ನ ಡ್ರೈವ್ ಮೆತ್ತಗೆ ಕೂತಿತು, ತಿರುಪೂ ಬಿಗಿಯಿತು, ಮಾತಾಡಲು ಮಾತ್ರ ಎದುರಿಗೆ ಯಾರೂ ಇರಲಿಲ್ಲ.

ಹಿರಿಯರ ಸಲಹೆಯಂತೆ ಎನ್‌ವಿಎಂಇ ಡ್ರೈವನ್ನು ಬೇರೆ ಯಂತ್ರಕ್ಕೆ ಎತ್ತಿಟ್ಟು, ಮೊದಲೇ ತರಿಸಬೇಕಿದ್ದ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ತರಿಸಿದೆ. ಇದೂ 1 ಟಿಬಿ. ಹಳೆಯ ಡಿಸ್ಕನ್ನು ಹೊರತೆಗೆದು ಎರಡನ್ನೂ ಯುಎಸ್‌ಬಿ ಅಡಾಪ್ಟರ್ ಮೂಲಕ ನನ್ನ ಮೇಜಿನ ಕಂಪ್ಯೂಟರ್‌ಗೆ ಜೋಡಿಸಿ, ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಕ್ಲೋನ್ (ಯಥಾವತ್ ನಕಲು) ಹಚ್ಚಿದೆ. ಎರಡರಲ್ಲೂ 512 ಬೈಟ್‌ನ ಸೆಕ್ಟರ್‌ಗಳು (ಡಿಸ್ಕ್‌ನ ಪುಟ್ಟ ಚೂರುಗಳು) ಸರಿಯಾಗಿ 1,95,35,25,168. 960 ಜಿಬಿಯ ಡ್ರೈವ್ ತಂದಿದ್ದರೆ ವಿಭಾಗಗಳನ್ನು ಕುಗ್ಗಿಸುವ ತಲೆನೋವು ಬೇರೆ ಇರುತ್ತಿತ್ತು.

ಅರ್ಧ ದಾಟಿದ ಮೇಲೆ ಕ್ಲೋನ್ ನಿಂತಿತು. ಹಳೆಯ ಡಿಸ್ಕ್ ಟಿಕ್ ಟಿಕ್ ಎನ್ನತೊಡಗಿತು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿ ತೆಗೆದರೆ ಪೆಂಡಿಂಗ್ ಸೆಕ್ಟರ್‌ಗಳು 16. ಅಂದರೆ ಡಿಸ್ಕ್ ತಾನೇ ಓದಲಾಗದೆ ಮುಂದೂಡಿಟ್ಟ ಜಾಗಗಳು. ವರ್ಷಗಟ್ಟಲೆ ‘ನಿಧಾನ’ ಎಂದು ಬೈಸಿಕೊಂಡ ಡಿಸ್ಕ್ ನಿಜಕ್ಕೂ ಸಾಯುವ ಹಾದಿಯಲ್ಲಿತ್ತು. ಇಡೀ ಕಥೆಯಲ್ಲಿ ಆ ಪದಕ್ಕೆ ಅರ್ಹವಾದದ್ದು ಇದೊಂದೇ, ಮತ್ತು ಅದರ ಆರೋಗ್ಯವನ್ನು ನಾನು ಮೊದಲು ನೋಡಿರಲಿಲ್ಲ. ಇಂಥ ಹೊತ್ತಿನಲ್ಲಿ ಕೆಲವರು ಹಳೆಯ ಡಿಸ್ಕ್ ಮೇಲೆಯೇ ದೋಷ ಹುಡುಕಿ ಸರಿಪಡಿಸುವ ಚೆಕ್‌ಡಿಸ್ಕ್ ಓಡಿಸುತ್ತಾರೆ. ಏದುಸಿರು ಬಿಡುವವನನ್ನು ಮೆಟ್ಟಿಲು ಹತ್ತಿಸಿದಂತೆ ಅದು. ನಾನು ಡಿಡಿರೆಸ್ಕ್ಯೂ ಹಚ್ಚಿದೆ. ಅದು ಚೆನ್ನಾಗಿರುವ ಜಾಗಗಳನ್ನೆಲ್ಲ ಮೊದಲು ನಕಲು ಮಾಡಿಕೊಂಡು, ಕೆಟ್ಟ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿಯವರೆಗೆ ಬಂದಿದ್ದೇನೆ ಎಂದು ಒಂದು ಕಡತದಲ್ಲಿ ಬರೆದುಕೊಳ್ಳುತ್ತಲೂ ಇರುತ್ತದೆ. ನಡುವೆ ವಿದ್ಯುತ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. (ನನಗಿಂತ ಆ ತಂತ್ರಾಂಶಕ್ಕೇ ಬರೆದಿಡುವ ಶಿಸ್ತು ಹೆಚ್ಚು.) ಬೆಳಿಗ್ಗೆ ಬಂದು ನೋಡಿದರೆ 8 ಸೆಕ್ಟರ್ ಬಿಟ್ಟು ಉಳಿದೆಲ್ಲ ಬಂದಿತ್ತು. 4,096 ಬೈಟ್‌ನ ನಷ್ಟ. ಆಮೇಲೆ ಹುಡುಕಿದಾಗ ಅದು ಯಾವುದೋ ಹಳೆಯ ಪ್ರಿಂಟರ್‌ನ ಇನ್‌ಸ್ಟಾಲ್ ಕಡತದ ಒಳಗಿತ್ತು.

ಹೊಸ ಎಸ್‌ಎಸ್‌ಡಿಯನ್ನು ಲ್ಯಾಪ್‌ಟಾಪ್‌ಗೆ ಹಾಕಿ ಗುಂಡಿ ಒತ್ತಿದೆ. ಬಯೋಸ್‌ನಲ್ಲಿ ಕಂಡಿತು. ವಿಂಡೋಸ್‌ನ ಚುಕ್ಕಿಗಳು ತಿರುಗಿದವು. ಆಮೇಲೆ ನೀಲಿ ಪರದೆ: ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್. ಅಂದರೆ ವಿಂಡೋಸ್‌ಗೆ ತಾನು ಏಳಬೇಕಾದ ಡಿಸ್ಕ್ ಕೈಗೆ ಸಿಗುತ್ತಿಲ್ಲ.

ತಲೆಗೆ ಮೊದಲು ಬಂದದ್ದು ಆ ಎಂಟು ಸೆಕ್ಟರ್. ಎರಡನೆಯದಾಗಿ ಬಂದದ್ದು, ನಾಚಿಕೆಯಿಂದ ಹೇಳುತ್ತೇನೆ, ‘ಈ ಎಸ್‌ಎಸ್‌ಡಿಯೂ ಕೆಟ್ಟದ್ದೇ ಇರಬೇಕು’. ಬೂಟ್ ಕಡತಗಳನ್ನು ಮತ್ತೆ ಕಟ್ಟಿದೆ. ಅದೇ ನೀಲಿ. ಕೊನೆಗೆ, ಮೇಡಂ ಕೆಲಸವಾದರೂ ನಡೆಯಲಿ ಎಂದು, ಎಸ್‌ಎಸ್‌ಡಿ ತೆಗೆದು ಹಳೆಯ ಹಾರ್ಡ್ ಡಿಸ್ಕನ್ನೇ ವಾಪಸ್ ಕೂರಿಸಿ ಆನ್ ಮಾಡಿದೆ. ಅದೇ ನೀಲಿ ಪರದೆ, ಅದೇ ಸಾಲು.

ಎದೆ ಧಸಕ್ಕೆಂದಿತು. ಒಂದೆರಡು ನಿಮಿಷ ಎರಡು ಡಿಸ್ಕ್‌ಗಳನ್ನೂ ಕೊಂದ ಪಾಪಿಯಂತೆ ಕುಳಿತಿದ್ದೆ. ಆಮೇಲೆ ಹಿರಿಯರ ಪ್ರಶ್ನೆ ತಿರುಗುಮುರುಗಾಗಿ ಹೊಳೆಯಿತು. ಡಿಸ್ಕ್ ಎರಡು, ದೋಷ ಒಂದು, ಹಾಗಿದ್ದರೆ ಡಿಸ್ಕ್ ಅಲ್ಲ. ಎರಡಕ್ಕೂ ಸಮಾನವಾದದ್ದು ಈ ಲ್ಯಾಪ್‌ಟಾಪ್. ಕಳೆದ ವಾರದವರೆಗೆ ಇದೇ ಲ್ಯಾಪ್‌ಟಾಪ್ ಇದೇ ಹಳೆಯ ಡಿಸ್ಕ್‌ನಿಂದ ತೆವಳಿಕೊಂಡಾದರೂ ಏಳುತ್ತಿತ್ತು. ನಡುವೆ ಇದನ್ನು ಮುಟ್ಟಿದವನು ನಾನೊಬ್ಬನೇ.

ಬಯೋಸ್‌ನ ಒಂದೊಂದೇ ಪುಟ ತಿರುವಿದೆ. ಸಾಟಾ ಮೋಡ್ ಎಂಬಲ್ಲಿ, ಅಂದರೆ ಡಿಸ್ಕ್‌ನ ನಿಯಂತ್ರಕ ಯಾವ ರೀತಿಯಲ್ಲಿ ಕೆಲಸ ಮಾಡಬೇಕೆಂದು ಹೇಳುವ ಕಡೆ, ‘ರೇಡ್’ ಎಂದಿತ್ತು. ನೆನಪಾಯಿತು. ಈ ಲ್ಯಾಪ್‌ಟಾಪ್ ಕಚೇರಿಗೆ ಬಂದ ವರ್ಷ ವಿಂಡೋಸ್ ಹಾಕುವಾಗ ಅದನ್ನು ಎಎಚ್‌ಸಿಐ ಎಂಬ ಇನ್ನೊಂದು ಮೋಡ್‌ಗೆ ಬದಲಿಸಿದವನೂ ನಾನೇ. ಮೊನ್ನೆ ‘ಮೂಲ ಸೆಟ್ಟಿಂಗ್’ ಒತ್ತಿದಾಗ ಅದು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿತ್ತು. ವಿಂಡೋಸ್ ಏಳುವ ಮೊದಲ ಗಳಿಗೆಯಲ್ಲಿ, ತನ್ನನ್ನು ಸ್ಥಾಪಿಸಿದಾಗ ಇದ್ದ ನಿಯಂತ್ರಕದ ಚಾಲಕ ತಂತ್ರಾಂಶವನ್ನು ಮಾತ್ರ ನೆಚ್ಚಿಕೊಂಡಿರುತ್ತದೆ. ಮೋಡ್ ಬದಲಾದರೆ ಅದೇ ನಿಯಂತ್ರಕ ಬೇರೆ ವೇಷದಲ್ಲಿ ಎದುರಾಗುತ್ತದೆ, ವಿಂಡೋಸ್‌ಗೆ ತಾನು ಹತ್ತಿ ಕುಳಿತ ಡಿಸ್ಕೇ ಕಾಣದಂತಾಗುತ್ತದೆ. ಎಎಚ್‌ಸಿಐ ಎಂದು ಬದಲಿಸಿ ಉಳಿಸಿದೆ. ಹಳೆಯ ಡಿಸ್ಕ್ ತೆವಳಿಕೊಂಡು ಎದ್ದಿತು. ಎಸ್‌ಎಸ್‌ಡಿ ಹಾಕಿದೆ, ತಿರುಪು ಬಿಗಿಯುವ ಮೊದಲೇ ಪರೀಕ್ಷಿಸಿದೆ. ಲಾಗಿನ್ ಪರದೆ ಬಂದಾಗ ನನ್ನ ಕೈಯಲ್ಲಿ ತಿರುಪುಳಿ ಇನ್ನೂ ಹಾಗೇ ಇತ್ತು. ಚೆಕ್‌ಡಿಸ್ಕನ್ನು ಈ ಹೊಸ ಪ್ರತಿಯ ಮೇಲೆ ಓಡಿಸಿದೆ.

ಬೇಕೆಂದೇ ಈ ಮೋಡ್ ಬದಲಿಸುವವರಿಗೆ ಒಂದು ದಾರಿ ಇದೆ: ಮೊದಲು ವಿಂಡೋಸ್‌ನಲ್ಲಿ ಸೇಫ್ ಮೋಡ್‌ಗೆ ಬೂಟ್ ಆಗುವಂತೆ ಹೇಳಿ, ಮರುಪ್ರಾರಂಭದ ನಡುವೆ ಬಯೋಸ್‌ನಲ್ಲಿ ಬದಲಿಸಿ, ಸೇಫ್ ಮೋಡ್‌ನಲ್ಲಿ ಒಮ್ಮೆ ಎದ್ದ ಮೇಲೆ ಆ ಆದೇಶವನ್ನು ಹಿಂತೆಗೆದುಕೊಳ್ಳುವುದು. ಆಗ ವಿಂಡೋಸ್ ಹೊಸ ಚಾಲಕವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಮರುಸ್ಥಾಪನೆಯ ಗೊಡವೆ ಇಲ್ಲ.

ಈಗ ನನ್ನ ಮೇಜಿನ ಮೇಲೆ ಒಂದು ಗೆರೆ ಎಳೆದ ನೋಟ್‌ಪುಸ್ತಕವಿದೆ. ಬಯೋಸ್‌ನ ಪ್ರತಿ ಪುಟದ ಫೋಟೊ ತೆಗೆಯದೆ ಒಳಗೆ ಕೈ ಹಾಕುವುದಿಲ್ಲ, ಒಂದು ಬದಲಾವಣೆಗೆ ಒಂದು ಸಾಲು. ಹಳೆಯ ಡಿಸ್ಕ್‌ನ ಸ್ಮಾರ್ಟ್ ವರದಿ ಮೊದಲ ಪುಟಕ್ಕೆ. ಮೇಡಂ ಅವರ ಹಳೆಯ ಡಿಸ್ಕ್ ‘ಇದರ ಮೇಲೆ ಬರೆಯಬಾರದು’ ಎಂಬ ಚೀಟಿ ಹೊತ್ತು ನನ್ನ ಡ್ರಾಯರ್‌ನಲ್ಲಿದೆ. ಮೇಡಂ ತಮ್ಮ ಲ್ಯಾಪ್‌ಟಾಪ್ ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಏಳುತ್ತದೆ ಎಂದರು, ಬೆನ್ನಿಗೇ ವೋಚರ್ ಜೋಡಿಸಲು ಬೇರೆ ಹೊತ್ತು ಹುಡುಕಬೇಕಾಗಿದೆ ಎಂದೂ ದೂರಿದರು.

ಡ್ರೈವ್ ಪೂರೈಸಿದವರಿಗೆ ಫೋನ್ ಮಾಡಿ, ಮೊದಲು ಕಳುಹಿಸಿದ ಡ್ರೈವ್ ಬಹುಶಃ ಚೆನ್ನಾಗಿಯೇ ಇದೆ, ತಪ್ಪು ನಮ್ಮದು ಎಂದು ಹೇಳಿದೆ.

“ಗೊತ್ತು ಸರ್, ಬಂದ ದಿನವೇ ಪರೀಕ್ಷೆ ಮಾಡಿದ್ದೆವು” ಎಂದರು ಅತ್ತಲಿನವರು.

“ಮತ್ತೆ ಎರಡನೆಯದನ್ನು ಏಕೆ ಕಳುಹಿಸಿದಿರಿ?”

“ನೀವು ಅಷ್ಟು ಖಚಿತವಾಗಿ ಬರೆದಿದ್ದಿರಲ್ಲ.”