ದೋಣಿಯ ಮೇಲಿದ್ದ ಗೀರು

ಫೈಲ್ ನಂಬರ್ 118. ಸ್ಪಾಟಿಂಗ್ (ಧೂಳಿನ ಚುಕ್ಕೆ ತೆಗೆಯುವುದು), ಕ್ಲೀನಪ್, ಕಲರ್ ಮ್ಯಾಚ್, ಸಂಜೆ 5ಕ್ಕೆ ಡೆಲಿವರಿ. ಕೆಲಸದ ಟಿಕೆಟ್‌ನಲ್ಲಿ ಇದ್ದಿದ್ದು ಇಷ್ಟೇ. ಚಿತ್ರದ ಹೆಸರಿಲ್ಲ, ಬರೆದವರ ಹೆಸರಿಲ್ಲ.

ನಾನು ಬೆಂಗಳೂರಿನಲ್ಲಿ ರೀಟಚಿಂಗ್, ಅಂದರೆ ಕಂಪ್ಯೂಟರಿನಲ್ಲಿ ಫೋಟೋ ತಿದ್ದುವ ಕೆಲಸ ಮಾಡುವವಳು. ದಿನವೂ ಸೀರೆ, ಸೋಫಾ, ಕುಕ್ಕರ್. ಆ ವಾರ ಮಾತ್ರ ಯುರೋಪಿನ ಒಂದು ಕಲಾ ಪುಸ್ತಕದ ಬ್ಯಾಚ್ ಬಂದಿತ್ತು. 118ರಲ್ಲಿ ಅಗಲವಾದ ನದಿ, ದಡದ ದಿಣ್ಣೆಯ ಮೇಲೆ ಕೋಟೆ, ಪಕ್ಕದಲ್ಲಿ ಮನೆಗಳ ಸಾಲು, ಮುಂದೆ ಜನ ತುಂಬಿದ ಕಡವಿನ ದೋಣಿ. ಎಲ್ಲವೂ ಕಂದು, ಬೂದು, ಮಾಸಿದ ಹಸಿರು. ಅರ್ಧಕ್ಕಿಂತ ಜಾಸ್ತಿ ಬರೀ ಆಕಾಶ. ಆ ಆಕಾಶದ ಉದ್ದಕ್ಕೂ ಸಣ್ಣ ಸಣ್ಣ ಅಡ್ಡ ಗೆರೆಗಳು.

ಸ್ಕ್ಯಾನರ್ ಬ್ಯಾಂಡಿಂಗ್, ಅಂದರೆ ಸ್ಕ್ಯಾನ್ ಮಾಡುವಾಗ ಬೀಳುವ ಪಟ್ಟೆಗಳು ಅಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಎರಡು ಗಂಟೆ ಹೀಲಿಂಗ್ ಬ್ರಷ್ ಹಿಡಿದು ಒಂದೊಂದೇ ಗೆರೆ ಅಳಿಸಿದೆ. ಯೆಲ್ಲೋ ಕಾಸ್ಟ್ ಇದೆ, ಚಿತ್ರಕ್ಕೆಲ್ಲ ತಪ್ಪಾಗಿ ಹಳದಿ ಛಾಯೆ ಬಂದಿದೆ ಅಂತ ಬಣ್ಣ ಸರಿಪಡಿಸುವ ಕರ್ವ್ಸ್‌ನಲ್ಲಿ ನೀಲಿ ಎಳೆದೆ. ದೋಣಿಯ ಹಲಗೆಯ ಮೇಲೆ ಒಂದು ಕಪ್ಪು ಗೀರಿತ್ತು, ಅದನ್ನೂ ಕ್ಲೋನ್ ಸ್ಟ್ಯಾಂಪ್‌ನಲ್ಲಿ ಮುಚ್ಚಿದೆ. ಲೇಯರ್‌ಗಳನ್ನೆಲ್ಲ ಒಂದಾಗಿ ಫ್ಲ್ಯಾಟನ್ ಮಾಡಿ, ಅವಸರದಲ್ಲಿ ಮೂಲ ಫೈಲ್ ಮೇಲೆಯೇ ಸೇವ್ ಮಾಡಿಬಿಟ್ಟೆ. ಒಳ್ಳೆಯ ಕೆಲಸ ಮಾಡಿದೆ ಅನ್ನೋ ಸಮಾಧಾನ ಬೇರೆ ಇತ್ತು.

7:20ಕ್ಕೆ ಕಾಲ್. ಆ ಕಡೆ ಪುಸ್ತಕದ ಸಂಪಾದಕಿ ಸ್ಕ್ರೀನ್ ಶೇರ್ ಮಾಡಿದ್ದರು. ‘ಮರ ಎಲ್ಲಿ ಹೋಯಿತು?’ ಎಂದು ಕೇಳಿದರು. ನಾನು ದಡದ ಮರಗಳನ್ನು ನೋಡಿದೆ. ಅಲ್ಲೇ ಇದ್ದವು. ಅವರ ಕರ್ಸರ್ ಮೆಲ್ಲಗೆ ಆಕಾಶಕ್ಕೆ ಹೋಯಿತು. ನನ್ನ ಕೈ ತಣ್ಣಗಾಯಿತು.

ಅದು ಡಚ್ ಕಲಾವಿದ ಯಾನ್ ವಾನ್ ಗೊಯೆನ್ ಅವರ ಚಿತ್ರ. 1596ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಹುಟ್ಟಿದವರು. ಓಕ್ ಹಲಗೆಯ ಮೇಲೆ ತೀರಾ ತೆಳುವಾಗಿ ಬಣ್ಣ ಹಚ್ಚುತ್ತಿದ್ದರು. ಎಷ್ಟು ತೆಳು ಎಂದರೆ ಮರದ ನಾರು ಆಕಾಶದಲ್ಲಿ ಹಾಗೇ ಕಾಣುತ್ತದೆ. ನಾನು ಅಳಿಸಿದ್ದು ಅದನ್ನೇ. ಆ ಕಂದು ಛಾಯೆ ಕೂಡ ಕಾಸ್ಟ್ ಅಲ್ಲ, 1640ರ ಸುಮಾರಿಗೆ ಅವರ ಬಣ್ಣವೇ ಅದು. ಇನ್ನು ದೋಣಿಯ ಮೇಲಿನ ಗೀರು? ವಿ, ಜಿ, 1641. ಅವರು ಎಷ್ಟೋ ಚಿತ್ರಗಳಲ್ಲಿ ದೋಣಿಯ ಮೇಲೆಯೇ ಸಹಿ ಹಾಕುತ್ತಿದ್ದರಂತೆ.

ಕೋಟೆಯ ಹೆಸರು ವಾಲ್ಕ್‌ಹಾಫ್. ವಾಲ್ ನದಿಯ ದಡದಲ್ಲಿ, ಅದೇ ದೇಶದ ನೈಮೇಗನ್ ಊರಿನಲ್ಲಿತ್ತು. ಗೊಯೆನ್ ಅದನ್ನು ಮತ್ತೆ ಮತ್ತೆ ಬರೆದಿದ್ದಾರೆ. 18ನೇ ಶತಮಾನದ ಕೊನೆಯಲ್ಲಿ ಅದನ್ನು ಒಡೆಸಿ ಹಾಕಿದರು. ಈಗ ಒಂದು ಸಣ್ಣ ಪ್ರಾರ್ಥನಾ ಮಂದಿರ, ಒಂದು ಪಾಳು ಗೋಡೆ ಉಳಿದಿವೆ. ಕೋಟೆ ಹೇಗಿತ್ತು ಅಂತ ನೋಡಬೇಕೆಂದರೆ ಇಂಥ ಚಿತ್ರಗಳ ಹತ್ತಿರವೇ ಬರಬೇಕು. ಇದನ್ನು ಕೇಳಿದ ಮೇಲೆ ಬಹಳ ಹೊತ್ತು ಮೌಸ್ ಮುಟ್ಟಲು ಆಗಲಿಲ್ಲ.

ಮೂಲ ಫೈಲ್ ಇರಲಿಲ್ಲ. ಡೌನ್‌ಲೋಡ್ ಲಿಂಕ್ ಎಕ್ಸ್‌ಪೈರ್ ಆಗಿತ್ತು. ಐಟಿಯವರು ಹಿಂದಿನ ರಾತ್ರಿಯ ಬ್ಯಾಕಪ್ ಹುಡುಕಿ ಕೊಡುವ ತನಕ 25 ನಿಮಿಷ. ಪ್ರೋಗ್ರೆಸ್ ಬಾರ್ 60ರ ಹತ್ತಿರ ನಿಂತಾಗ ಕಣ್ಣಲ್ಲಿ ನೀರು ಬಂತು. ಗುಣಮಟ್ಟ ನೋಡುವ ಕ್ಯೂಸಿ ಮೇಡಂ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಬೈಯಲಿಲ್ಲ.

ಆಮೇಲೆ ಗೊತ್ತಾಯಿತು, ಹೆಸರು, ಇಸವಿ, ‘ಓಕ್ ಹಲಗೆ’ ಅನ್ನುವುದೆಲ್ಲ ಇದ್ದ ಕ್ಯಾಪ್ಶನ್ ಶೀಟ್ ಸೇಲ್ಸ್‌ನವರ ಇನ್‌ಬಾಕ್ಸ್‌ನಲ್ಲಿ ಮೂರು ದಿನದಿಂದ ಬಿದ್ದಿತ್ತು. ಟಿಕೆಟ್‌ನಲ್ಲಿ ಅದಕ್ಕೊಂದು ಕಾಲಂ ಹಾಕಿ ಅಂತ ಎರಡು ಸಲ ಮೇಲ್ ಮಾಡಿದ್ದೇನೆ. ಇನ್ನೂ ಹಾಕಿಲ್ಲ. ಆದರೆ ಕೇಳದೇ ಇದ್ದವಳು ನಾನು ತಾನೇ? ಈಗ ಶೀಟ್ ಬರದೆ ಫೈಲ್ ತೆರೆಯುವುದಿಲ್ಲ. ಟಿಎಟಿ, ಅಂದರೆ ಕೆಲಸ ಮುಗಿಸುವ ಗಡುವು, ಮೀರಿದರೆ ಮೀರಲಿ.

ಆ ರಾತ್ರಿ ನಾಲ್ಕು ಧೂಳಿನ ಚುಕ್ಕೆ ಬಿಟ್ಟರೆ ಬೇರೇನೂ ತೆಗೆಯಲಿಲ್ಲ. ಬಣ್ಣವನ್ನು ಕಲರ್ ಚಾರ್ಟ್‌ಗೆ ಸರಿಯಾಗಿ ಕೂರಿಸಿದೆ, ಅಷ್ಟೇ. ಅಪ್‌ಲೋಡ್‌ಗೆ ಮೊದಲು ಮೇಡಂ ದೋಣಿಯನ್ನು 400 ಪರ್ಸೆಂಟ್ ಜೂಮ್ ಮಾಡಿ, ಕನ್ನಡಕ ಸರಿಮಾಡಿಕೊಂಡು ನೋಡಿದರು.

‘ವಿ, ಜಿ ಇದೆ. ಇಸವಿನೂ ಇದೆ. ಕಳಿಸಮ್ಮ’ ಅಂದರು.