ಮೂವತ್ತೆರಡರ ಫೋರ್ಡ್‌ಗೆ ಷೆವರ್ಲೆ ಇಂಜಿನ್ ಕೂರಿಸುವುದು

ಈ ಸಲ ನನ್ನ ಮೇಜಿನ ಮೇಲಿರುವುದು 1932ರ ಫೋರ್ಡ್ ಕೂಪೆ, ಅಂದ್ರೆ ಎರಡು ಬಾಗಿಲಿನ ಕಾರು. ಬಿಡಿ ಭಾಗ ಅಂಟಿಸಿ ಕಟ್ಟುವ ಪ್ಲಾಸ್ಟಿಕ್ ಕಿಟ್, ಅಳತೆ ನಿಜವಾದ ಗಾಡಿಯ 1/25. ನಿಜವಾದ ಗಾಡಿಯಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 106 ಇಂಚು ಅಂತರ. ನನ್ನದರಲ್ಲಿ ಅದು 108 ಮಿ.ಮೀ. ಆಗುತ್ತದೆ. ಹಗಲೆಲ್ಲ ಕೌಲ್ ಬಜಾರ್‌ನ ಅಂಗಡಿಯಲ್ಲಿ ಮೋಟರ್ ವೈಂಡಿಂಗ್ ಮಾಡ್ತೀನಿ. ರಾತ್ರಿ ಊಟ ಆದಮೇಲೆ ಇದರ ಮುಂದೆ ಕೂರುತ್ತೇನೆ. ಬಳ್ಳಾರಿ ಬಿಸಿಲಿಗೆ ಹಗಲು ಈ ಕೆಲಸ ಆಗೋದಿಲ್ಲ, ಬ್ರಷ್‌ನಲ್ಲೇ ಅಂಟು ಒಣಗಿಬಿಡುತ್ತದೆ. ಫ್ಯಾನ್ ಹಾಕಿದರೆ ಸಣ್ಣ ಭಾಗಗಳು ಹಾರಿಹೋಗುತ್ತವೆ.

ಫೋರ್ಡ್ ಗಾಡಿಗೆ ಷೆವರ್ಲೆ ಇಂಜಿನ್ ಯಾಕೆ ಅಂತ ಕೇಳುವವರಿದ್ದಾರೆ. ಫೋರ್ಡ್‌ಗೆ ಫೋರ್ಡ್ ಇಂಜಿನ್ನೇ ಇರಬೇಕು ಅಂತ ಹಟ ಹಿಡಿಯುವವರೂ ಇದ್ದಾರೆ. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. 1932ರಲ್ಲಿ ಹೆನ್ರಿ ಫೋರ್ಡ್ ವಿ-8 ಇಂಜಿನ್ ಅನ್ನು (ಎಂಟು ಸಿಲಿಂಡರ್, ನಾಲ್ಕು ನಾಲ್ಕರಂತೆ V ಆಕಾರದಲ್ಲಿ) ಸಾಮಾನ್ಯ ಜನರ ಕೈಗೆಟುಕುವ ಬೆಲೆಗೆ ತಂದರು. 221 ಕ್ಯೂಬಿಕ್ ಇಂಚು, ಅಂದ್ರೆ 3.6 ಲೀಟರ್, 65 ಹಾರ್ಸ್ ಪವರ್. ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಫೋರ್ಡ್‌ಗಳನ್ನು ಅಗ್ಗಕ್ಕೆ ಕೊಂಡು, ಮಡ್‌ಗಾರ್ಡ್, ಬಂಪರ್ ಎಲ್ಲ ಕಿತ್ತು, ಒಣಗಿದ ಕೆರೆಗಳ ಬಯಲಲ್ಲಿ ಓಡಿಸಿದ್ದು ಈ ಇಂಜಿನ್ ಇಟ್ಟುಕೊಂಡೇ. 1955ರಲ್ಲಿ ಷೆವರ್ಲೆಯ ಸ್ಮಾಲ್ ಬ್ಲಾಕ್ ಅನ್ನೋ ವಿ-8 ಇಂಜಿನ್ ಬಂತು. 265 ಕ್ಯೂಬಿಕ್ ಇಂಚು, 162 ಹಾರ್ಸ್ ಪವರ್. ಆಕಾರದಲ್ಲಿ ಚಿಕ್ಕದು, ಸಿಗುವುದೂ ಸುಲಭ. ಅದೇ ಹುಡುಗರು ಹಳೆಯದನ್ನು ಇಳಿಸಿ ಇದನ್ನು ಏರಿಸಿದರು. ಹಾಗಾಗಿ ಫೋರ್ಡ್‌ನೊಳಗೆ ಷೆವರ್ಲೆ ಇರುವುದು ಹಾಟ್ ರಾಡ್‌ನ, ಅಂದ್ರೆ ಹೀಗೆ ವೇಗಕ್ಕಾಗಿ ಮಾರ್ಪಡಿಸಿದ ಹಳೆಯ ಗಾಡಿಗಳ, ನಿಜವಾದ ಚರಿತ್ರೆಯೇ. ನಾನು ಅದನ್ನೇ ಮಾಡುತ್ತಿದ್ದೇನೆ.

ಮೊದಲ ಮಾತು, ಅಂಟಿನ ಬಾಟಲಿ ದೂರ ಇಡಿ. ಬ್ಲಾಕ್‌ನ, ಅಂದ್ರೆ ಇಂಜಿನ್‌ನ ಮುಖ್ಯ ದೇಹದ, ಎರಡು ಅರ್ಧಗಳನ್ನು ಅಂಟಿಸಿ, ನಡುವಿನ ಗೆರೆ ಉಜ್ಜಿ ತೆಗೆದರೆ ಸದ್ಯಕ್ಕೆ ಸಾಕು. ಆಮೇಲೆ ಚಾಸಿ, ಬಾಡಿ, ಫೈರ್‌ವಾಲ್ (ಇಂಜಿನ್‌ಗೂ ಡ್ರೈವರ್‌ಗೂ ನಡುವಿನ ಗೋಡೆ), ರೇಡಿಯೇಟರ್, ಇಂಜಿನ್ ಎಲ್ಲವನ್ನೂ ಮಾಸ್ಕಿಂಗ್ ಟೇಪಿನಲ್ಲೇ ನಿಲ್ಲಿಸಿ ನೋಡಬೇಕು. ಇಲ್ಲಿ 1 ಮಿ.ಮೀ. ಅಂದ್ರೆ ನಿಜವಾದ ಗಾಡಿಯಲ್ಲಿ 25 ಮಿ.ಮೀ. ಸುಮ್ನೆ ಬಿಡುವಂಥ ಅಳತೆ ಅಲ್ಲ.

ಟೇಪಿನಲ್ಲಿ ನಿಲ್ಲಿಸಿದಾಗ ಮೊದಲು ಎದುರಾಗುವುದು ಡಿಸ್ಟ್ರಿಬ್ಯೂಟರ್, ಅಂದ್ರೆ ಪ್ರತಿ ಸಿಲಿಂಡರ್‌ಗೂ ಸರದಿಯಂತೆ ಕಿಡಿಯ ವಿದ್ಯುತ್ ಹಂಚುವ ಭಾಗ. ಫೋರ್ಡ್‌ನ ಹಳೆಯ ಇಂಜಿನ್‌ನಲ್ಲಿ ಅದು ಮುಂದುಗಡೆ ಇತ್ತು. ಷೆವರ್ಲೆಯಲ್ಲಿ ಹಿಂದೆ, ಫೈರ್‌ವಾಲ್‌ಗೆ ಮುಖ ಕೊಟ್ಟುಕೊಂಡು ನಿಂತಿರುತ್ತದೆ. ಸರಿಯಾದ ಜಾಗದಲ್ಲಿ ಇಂಜಿನ್ ಇಟ್ಟರೆ ಡಿಸ್ಟ್ರಿಬ್ಯೂಟರ್ ಗೋಡೆಗೆ ತಾಗುತ್ತದೆ. ಇಂಜಿನ್ ಮುಂದಕ್ಕೆ ತಳ್ಳಿದರೆ ಫ್ಯಾನ್ ರೇಡಿಯೇಟರ್‌ಗೆ ತಾಗುತ್ತದೆ. ನಿಜವಾದ ಗಾಡಿ ಕಟ್ಟುವವರಿಗೂ ಇದೇ ತೊಂದರೆ. ಅವರು ಫೈರ್‌ವಾಲ್ ಕತ್ತರಿಸಿ ಅಲ್ಲೊಂದು ಗೂಡು ಮಾಡುತ್ತಾರೆ. ಮುಂದುಗಡೆಯ ಜಾಗಕ್ಕೂ ಅವರ ಹತ್ತಿರ ದಾರಿ ಇದೆ. ಸ್ಮಾಲ್ ಬ್ಲಾಕ್‌ಗೆ ಗಿಡ್ಡ ವಾಟರ್ ಪಂಪ್, ಉದ್ದ ವಾಟರ್ ಪಂಪ್ ಅಂತ ಎರಡು ಬಗೆ ಇವೆ. ಈ ಗಾಡಿಗೆ ಗಿಡ್ಡದ್ದೇ ಸರಿ. ನಾನೂ ಫೈರ್‌ವಾಲ್‌ನಲ್ಲಿ ಗೂಡು ಮಾಡಿದೆ, ಪಂಪ್‌ನ ಕುತ್ತಿಗೆ ಉಜ್ಜಿ ಗಿಡ್ಡ ಮಾಡಿದೆ.

ಎಡಗಡೆ ಇನ್ನೊಂದು ಇಕ್ಕಟ್ಟು. ಅಮೆರಿಕದ ಗಾಡಿಯಲ್ಲಿ ಡ್ರೈವರ್ ಎಡಕ್ಕೆ ಕೂರುತ್ತಾನೆ. ಸ್ಟೀರಿಂಗ್ ಬಾಕ್ಸ್ ಅದೇ ಬದಿಗೆ, ಇಂಜಿನ್‌ನಿಂದ ಹೊಗೆ ಹೊರಬರುವ ಪೈಪುಗಳೂ ಅಲ್ಲೇ. ಎರಡರ ನಡುವೆ ಬೆಳಕು ಕಾಣುವಷ್ಟು ಸಂದು ಇರಬೇಕು.

ಇಂಜಿನ್ ಎಷ್ಟು ಬಾಗಿರಬೇಕು ಅನ್ನೋದು ನನಗೆ ಕಿಟ್‌ನ ಚಿತ್ರಕ್ಕಿಂತ ಚೆನ್ನಾಗಿ ತಿಳಿದದ್ದು ಒಬ್ಬ ಲಾರಿ ಮೇಸ್ತ್ರಿಯಿಂದ. ಹೊಸಪೇಟೆ ರಸ್ತೆಯಲ್ಲಿ ಅದಿರು ಲಾರಿಗಳ ಗೇರ್ ಬಾಕ್ಸ್ ಇಳಿಸಿ ಏರಿಸಿಯೇ ವಯಸ್ಸಾದವರು. ನಾವೆಲ್ಲ ಚಾಚಾ ಅಂತೀವಿ. ಚಾಸಿಯನ್ನು ಡಬ್ಬಿಯಲ್ಲಿಟ್ಟು ತೆಗೆದುಕೊಂಡು ಹೋಗಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಬೇಟಾ, ಇಂಜಿನ್ ಹಿಂದಕ್ಕ ಒಂಚೂರು ಬಾಗಬೇಕು. ಹಿಂಗ ಸಪಾಟ ಕೂಡ್ರಿಸಿದ್ರ ಪ್ರೊಪೆಲ್ಲರ್ ಶಾಫ್ಟ್ ಯಾಕ್ ಒಪ್ತದ?"

"ಎಷ್ಟು ಬಾಗಬೇಕು ಚಾಚಾ?"

"ಗೇರ್ ಬಾಕ್ಸಿನ ಮುಖ, ಹಿಂದಿನ ಹೌಸಿಂಗ್ ಮುಖ ಎರಡೂ ಒಂದೇ ವಾರೆ ಇರಬೇಕು. ಇಲ್ಲಾಂದ್ರ ಯು.ಜೆ. ಕ್ರಾಸ್ ತಿಂದು ಹಾಕ್ತದ."

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಪ್ರೊಪೆಲ್ಲರ್ ಶಾಫ್ಟ್ ಅಂದ್ರೆ ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್‌ನ ಹೌಸಿಂಗ್‌ಗೆ ಹೋಗುವ, ತಿರುಗುವ ಉದ್ದನೆಯ ದಂಡ. ಯು.ಜೆ. ಕ್ರಾಸ್ ಅಂದ್ರೆ ಅದರ ತುದಿಯಲ್ಲಿ ಬಾಗುವ ಕೀಲು. ಎರಡು ತುದಿಯ ಕ್ರಾಸ್‌ಗಳೂ ಒಂದೇ ಕೋನದಲ್ಲಿದ್ದರೆ ಒಂದರ ಏರುಪೇರನ್ನು ಇನ್ನೊಂದು ಸರಿದೂಗಿಸುತ್ತದೆ. ಇಲ್ಲವಾದರೆ ಗಾಡಿ ನಡುಗುತ್ತದೆ. ಹಾಟ್ ರಾಡ್ ಕಟ್ಟುವವರು ಸಾಮಾನ್ಯವಾಗಿ ಇಂಜಿನ್‌ನ ಹಿಂಭಾಗವನ್ನು 3 ಡಿಗ್ರಿಯಷ್ಟು ಇಳಿಸುತ್ತಾರೆ. ಇನ್ನೊಂದು ಸೊಗಸು ನೋಡಿ. ಕಾರ್ಬುರೇಟರ್ ಕೂರುವ ಮೇಲ್ಮೈಯನ್ನು ಕಾರ್ಖಾನೆಯಲ್ಲೇ ಆ ಓರೆಗೆ ತಕ್ಕಂತೆ ಮಾಡಿರುತ್ತಾರೆ. ಇಂಜಿನ್ ಹಿಂದಕ್ಕೆ ಬಾಗಿದಾಗ ಕಾರ್ಬುರೇಟರ್ ನೆಲಕ್ಕೆ ಸಮವಾಗಿ ನಿಲ್ಲುತ್ತದೆ. ಮಾದರಿಯಲ್ಲೂ ಇದನ್ನೇ ನೋಡಿಕೊಳ್ಳಬಹುದು. ಕಾರ್ಬುರೇಟರ್ ಮೇಲಿನ ಏರ್ ಕ್ಲೀನರ್ ಬಾಗಿಲಿನ ಕೆಳ ಅಂಚಿಗೆ ಸಮಾಂತರವಾಗಿ ಕಂಡರೆ ಇಂಜಿನ್ ಸರಿಯಾಗಿ ಕೂತಿದೆ ಅಂತ ಅರ್ಥ. ನಾನು ಮುಂದಿನ ಮೌಂಟಿಂಗ್ ಕೆಳಗೆ ತೆಳ್ಳನೆಯ ಪ್ಲಾಸ್ಟಿಕ್ ಚೂರು ಕೊಟ್ಟೆ. ಕಿಟ್‌ನ ಭಾಗಗಳು ಅಂಟಿಕೊಂಡಿರುವ ಕಡ್ಡಿ ಇರುತ್ತಲ್ಲ, ಅದನ್ನೇ ಉಜ್ಜಿ ಮಾಡಿದ್ದು. ಒಂದೇ ಪ್ಲಾಸ್ಟಿಕ್ ಆದ್ದರಿಂದ ಅಂಟಿಗೆ ಚೆನ್ನಾಗಿ ಕರಗಿ ಕೂಡಿಕೊಳ್ಳುತ್ತದೆ.

ಬಣ್ಣದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಷೆವರ್ಲೆಯವರ ಕಿತ್ತಳೆ ಬಣ್ಣ ಬ್ಲಾಕ್‌ಗೂ ಹೆಡ್‌ಗೂ. ಅಂಟು ಹಚ್ಚುವ ಕಡೆ ಬಣ್ಣವನ್ನೂ ಕ್ರೋಮನ್ನೂ ಕೆರೆದು ತೆಗೆಯಬೇಕು, ಅಂಟು ಬರೀ ಪ್ಲಾಸ್ಟಿಕ್ಕನ್ನು ಮಾತ್ರ ಹಿಡಿಯುತ್ತದೆ. ಬಣ್ಣ ಒಣಗುವ ತನಕ ಮೇಲೊಂದು ಡಬ್ಬಿ ಮುಚ್ಚಿಡಿ. ನಮ್ಮೂರ ಕೆಂಪು ಧೂಳು ನಿಮಗೆ ಗೊತ್ತೇ ಇದೆ.

ಈಗ ನನಗೆ ಅತಿ ಇಷ್ಟದ ಕೆಲಸ, ಪ್ಲಗ್ ವೈರ್, ಅಂದ್ರೆ ಡಿಸ್ಟ್ರಿಬ್ಯೂಟರ್‌ನಿಂದ ಸ್ಪಾರ್ಕ್ ಪ್ಲಗ್‌ಗಳಿಗೆ ಹೋಗುವ ವೈರ್. ಕಿಟ್‌ನಲ್ಲಿ ಅದು ಇರುವುದೇ ಇಲ್ಲ, ನಾವೇ ಹಾಕಬೇಕು. ನಿಜವಾದ ಪ್ಲಗ್ ವೈರ್ 7 ಮಿ.ಮೀ. ದಪ್ಪ. 25ರಿಂದ ಭಾಗಿಸಿದರೆ 0.28 ಮಿ.ಮೀ. ನಮ್ಮ ಅಂಗಡಿಯ 32 ಗೇಜ್ (ಎಸ್.ಡಬ್ಲ್ಯು.ಜಿ. ಲೆಕ್ಕ, ನಂಬರ್ ಏರಿದಷ್ಟೂ ತಂತಿ ತೆಳ್ಳಗೆ) ತಾಮ್ರದ ತಂತಿ 0.274 ಮಿ.ಮೀ.! ಇಷ್ಟು ಹತ್ತಿರದ ಅಳತೆ ಕೈಗೆ ಸಿಗುವ ಜಾಗದಲ್ಲೇ ಇತ್ತು ಅಂತ ಗೊತ್ತಾದಾಗ ಆದ ಖುಷಿ ಹೇಳಲಾರೆ. ದಪ್ಪ 8 ಮಿ.ಮೀ. ವೈರ್ ಬೇಕಾದರೆ 30 ಗೇಜ್ ತಗೊಳ್ಳಿ. ಹಳೆಯ ಮೋಟರ್ ಬಿಚ್ಚಿದ ತಂತಿ ಬೇಡ, ಅದು ಎಳೆದು ಬಗ್ಗಿ ಗಡುಸಾಗಿರುತ್ತದೆ. ಹೊಸ ತಂತಿಯ ಒಂದು ಮೊಳ ಸಾಕು. ಬಳ್ಳಾರಿಯ ಯಾವ ವೈಂಡಿಂಗ್ ಅಂಗಡಿಯಲ್ಲಿ ಕೇಳಿದರೂ ಕೊಟ್ಟಾರು. ತಂತಿಯನ್ನು ಮೊದಲು ಬಗ್ಗಿಸಿ, ಆಮೇಲೆ ಕಪ್ಪು ಬಣ್ಣ ಹಚ್ಚಿ. ಮೊದಲೇ ಹಚ್ಚಿದರೆ ಬಗ್ಗಿಸುವಾಗ ಉದುರುತ್ತದೆ. ಇಲ್ಲಿ ಪ್ಲಾಸ್ಟಿಕ್ ಅಂಟು ನಡೆಯೋದಿಲ್ಲ, ಸೂಜಿ ಮೊನೆಯಷ್ಟು ಸೂಪರ್ ಗ್ಲೂ ಬೇಕು.

ವೈರ್‌ಗಳನ್ನು ಮನಸ್ಸಿಗೆ ಬಂದ ಹಾಗೆ ಹಾಕಬೇಡಿ, ದಯವಿಟ್ಟು. ಷೆವರ್ಲೆಯಲ್ಲಿ ಸಿಲಿಂಡರ್‌ಗಳ ನಂಬರ್ ಎಡಗಡೆ ಮುಂದಿನಿಂದ ಹಿಂದಕ್ಕೆ 1, 3, 5, 7. ಬಲಗಡೆ 2, 4, 6, 8. ಬೆಂಕಿ ಹತ್ತುವ ಕ್ರಮ 1-8-4-3-6-5-7-2. ಮೇಲಿಂದ ನೋಡಿದರೆ ಡಿಸ್ಟ್ರಿಬ್ಯೂಟರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಅದೇ ದಿಕ್ಕಿನಲ್ಲಿ ಈ ಕ್ರಮದಲ್ಲಿ ವೈರ್ ಹೊರಡಬೇಕು. ನಡುವಿನ ಒಂಬತ್ತನೆಯದು ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲ್‌ಗೆ. ನನ್ನ ಅಣ್ಣನ ಮಗಳು ಪಕ್ಕದಲ್ಲಿ ಕೂತು ಒಂದೊಂದೇ ನಂಬರ್ ಹೇಳಿದಳು, ನಾನು ಚಿಮಟದಲ್ಲಿ ಹಿಡಿದು ತೂರಿಸಿದೆ. 5 ಮತ್ತು 7 ಅಕ್ಕಪಕ್ಕದ ಸಿಲಿಂಡರ್‌ಗಳು, ಬೆಂಕಿಯೂ ಒಂದರ ಹಿಂದೆ ಒಂದು ಹತ್ತುತ್ತದೆ. ಆ ಎರಡು ವೈರ್ ಒಂದಕ್ಕೊಂದು ಅಂಟಿಕೊಂಡು ಓಡಿದರೆ ಒಂದರ ಕಿಡಿ ಇನ್ನೊಂದಕ್ಕೆ ಹಾರುವ ಭಯ. ಅದಕ್ಕೇ ಮೆಕ್ಯಾನಿಕ್‌ಗಳು ಅವನ್ನು ದೂರ ದೂರ ಇಡುತ್ತಾರೆ. ನಾನೂ ಹಾಗೇ ಬಿಡಿಸಿ ಇಟ್ಟಿದ್ದೇನೆ. ಭೂತಗನ್ನಡಿ ಹಿಡಿದರೆ ಮಾತ್ರ ಕಾಣುತ್ತದೆ. ಆದರೂ ಇಂಜಿನ್ ಬಲ್ಲವರು ನೋಡಿದರೆ ಇದು ಓಡುವ ಇಂಜಿನ್ ಅನ್ನಬೇಕು, ಅದೇ ನನ್ನ ಆಸೆ.

ಬಾನೆಟ್‌ನ ಪಕ್ಕದ ತಗಡುಗಳನ್ನು ಹಾಕುವುದಿಲ್ಲ. ಇಷ್ಟೆಲ್ಲ ಮಾಡಿ ಮುಚ್ಚಿಡೋದು ಯಾಕೆ? ಇನ್ನು ಪೆಟ್ರೋಲ್ ಪೈಪ್ ಒಂದು ಬಾಕಿ ಇದೆ. 3/8 ಇಂಚಿನ ಪೈಪ್‌ಗೆ 28 ಗೇಜ್ ತಂತಿ ಸರಿಹೋಗುತ್ತದೆ. ಪೆಟ್ರೋಲ್ ತಳ್ಳುವ ಪಂಪ್ ಇರುವುದು ಇಂಜಿನ್‌ನ ಬಲಗಡೆ ಮುಂದೆ. ಅಲ್ಲಿಂದ ಕಾರ್ಬುರೇಟರ್‌ಗೆ ಹೋಗುವ ದಾರಿಯನ್ನು ಭಾನುವಾರ ಕೂತು ಬಗ್ಗಿಸಬೇಕು.