ಅಮ್ಮನ ದಿನದ ಹಾಳೆ

ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವವರು ಯಾರಾದರೂ "ಸಹಾಯ ಎಲ್ಲಿ ಸಿಗುತ್ತೆ?" ಅಂತ ಕೇಳಿದರೆ ನಾನು ಮೊದಲು ಫೋನ್ ನಂಬರ್ ಕೊಡುವುದಿಲ್ಲ. ಒಂದು ಹಾಳೆ ತೆಗೆದುಕೊಂಡು ಒಂದಿಡೀ ದಿನ ಬರೆಯಿರಿ ಅನ್ನುತ್ತೇನೆ. ಎಷ್ಟು ಹೊತ್ತಿಗೆ ಏಳುತ್ತಾರೆ, ಏಳುವಾಗ ಯಾರು ಕೈ ಹಿಡಿಯಬೇಕು, ಸ್ನಾನ ಯಾರು ಮಾಡಿಸುತ್ತಾರೆ, ಮಾತ್ರೆ ಯಾರು ನೆನಪಿಸುತ್ತಾರೆ, ರಾತ್ರಿ ಎಷ್ಟು ಸಲ ಎದ್ದರು. ಎಲ್ಲದರ ಪಕ್ಕ ಸಮಯ ಹಾಕಿ.

ಯಾಕೆಂದರೆ "ಅಮ್ಮನಿಗೆ ವಯಸ್ಸಾಗಿದೆ, ಏನಾದ್ರೂ ಸಹಾಯ ಸಿಗುತ್ತಾ?" ಅಂತ ಕೇಳಿದರೆ ಎದುರಿಗಿದ್ದವರಿಗೂ ಏನು ಹೇಳಬೇಕೋ ತೋಚುವುದಿಲ್ಲ. "ಬೆಳಗ್ಗೆ ಏಳರಿಂದ ಎಂಟರವರೆಗೆ ಸ್ನಾನ ಮಾಡಿಸೋಕೆ ಒಬ್ಬರು ಬೇಕು" ಅಂದರೆ ಉತ್ತರ ಬರುತ್ತದೆ. ಇದೆ, ಇಲ್ಲ, ಅಥವಾ ಅಲ್ಲಿ ಕೇಳಿ ನೋಡಿ.

ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಈ ಹಾಳೆ ಶುರುವಾಯಿತು. ಆಪರೇಷನ್ ಚೆನ್ನಾಗೇ ಆಯಿತು. ಆದರೆ ಮನೆಗೆ ಬಂದ ಮೇಲಿನ ದಿನಗಳೇ ಬೇರೆ. ಒಂದು ಕಡೆ ವಿಚಾರಿಸಿದಾಗ, ಪೂರ್ತಿ ಹಾಸಿಗೆ ಹಿಡಿದವರಿಗೆ ಮಾತ್ರ ನಾವು ಬರೋದು ಅಂದರು. ನನಗೆ ಸಿಟ್ಟೇ ಬಂತು. ಹಾಸಿಗೆ ಹಿಡಿಯದ ಹಾಗೆ ನೋಡಿಕೊಳ್ಳೋಕೆ ತಾನೇ ನಾನು ಕೇಳುತ್ತಿರುವುದು?

ಹಾಳೆಗೆ ಬೆಲೆ ಕೊಟ್ಟವರು ಆಸ್ಪತ್ರೆಯ ಒಬ್ಬ ನರ್ಸ್. ಅವರೂ ರೋಗಿಯ ದಿನವನ್ನು ಹೀಗೇ ಒಂದೊಂದು ಕೆಲಸವಾಗಿ ನೋಡುತ್ತಾರಂತೆ. ಸಿಡ್ನಿ ಕಾಟ್ಜ್ ಎಂಬ ವೈದ್ಯರ ತಂಡ 1963ರಲ್ಲಿ ಆರು ಕೆಲಸಗಳ ಪಟ್ಟಿ ಮಾಡಿತ್ತು: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗಿ ಬರುವುದು, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ. 1969ರಲ್ಲಿ ಲಾಟನ್ ಮತ್ತು ಬ್ರೋಡಿ ಎಂಬ ಸಂಶೋಧಕರು ಇನ್ನೊಂದು ಪಟ್ಟಿ ಕೊಟ್ಟರು. ಅದರಲ್ಲಿ ಫೋನ್ ಮಾಡುವುದು, ಅಂಗಡಿ, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ವಾಹನದಲ್ಲಿ ಓಡಾಟ, ಔಷಧಿ, ಹಣದ ವ್ಯವಹಾರ. ಯಾರಿಗೆ ಎಷ್ಟು ನೆರವು ಬೇಕು ಅಂತ ತೀರ್ಮಾನಿಸುವಾಗ ಇಂಥ ಪಟ್ಟಿಗಳನ್ನು ಎಷ್ಟೋ ಕಡೆ ಇವತ್ತಿಗೂ ಬಳಸುತ್ತಾರೆ. ಅದಕ್ಕೇ ನಿಮ್ಮ ಹಾಳೆಯಲ್ಲಿ ಈ ಹದಿನಾಲ್ಕೂ ಇರಲಿ.

ಒಂದು ಮಾತು ಇಲ್ಲಿ ಹೇಳಲೇಬೇಕು. ಎಷ್ಟು ನೆರವು ಬೇಕು ಅಂತ ಯಾರಾದರೂ ನೋಡೋಕೆ ಬಂದ ದಿನ ಹಿರಿಯರು ತುಂಬ ಗಟ್ಟಿಯಾಗಿಬಿಡುತ್ತಾರೆ. "ಎಲ್ಲಾ ನಾನೇ ಮಾಡ್ಕೋತೀನಮ್ಮ" ಅಂತ ಅಮ್ಮ ನಗುನಗುತ್ತಾ ಹೇಳಿದರು. ಅವರ ಎದುರಿಗೇ "ಇಲ್ಲ, ಆಗಲ್ಲ" ಅನ್ನೋಕೆ ನನಗೆ ಮನಸ್ಸು ಬರಲಿಲ್ಲ. ಅವರ ಮರ್ಯಾದೆ ಅವರದು, ಅಲ್ವಾ? ಬಂದವರ ಕೈಗೆ ಸುಮ್ನೆ ಹಾಳೆ ಕೊಟ್ಟೆ. ಕಷ್ಟದ ದಿನ ಹೇಗಿರುತ್ತೆ ಅಂತ ಅದೇ ಹೇಳಿತು.

ಯಾರನ್ನು ಕೇಳಬೇಕು? ಡಾಕ್ಟರಿಗೆ ಸಮಯ ಕಡಿಮೆ. ನರ್ಸ್, ಆಸ್ಪತ್ರೆಯ ಸೋಷಿಯಲ್ ವರ್ಕರ್, ಫಿಸಿಯೋಥೆರಪಿಸ್ಟ್, ಮನೆಮನೆಗೆ ಬರುವ ಆರೋಗ್ಯ ಕಾರ್ಯಕರ್ತೆ, ಇವರಿಗೆ ಸುತ್ತಮುತ್ತ ಏನಿದೆ ಅಂತ ಜಾಸ್ತಿ ಗೊತ್ತಿರುತ್ತದೆ. ಆಸ್ಪತ್ರೆಯಲ್ಲಿದ್ದರೆ ಡಿಸ್ಚಾರ್ಜ್ ಆಗುವ ಮೊದಲೇ ಕೇಳಿ. ಮನೆಗೆ ಬಂದ ಮೇಲೆ ಅದೇ ಜನರನ್ನು ಹಿಡಿಯುವುದು ಬಹಳ ಕಷ್ಟ.

ನಮಗೆ ಎಲ್ಲಕ್ಕಿಂತ ಉಪಕಾರವಾಗಿದ್ದು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳುವ ದಾರಿ ತೋರಿಸುವವರು, ಮನೆಗೆ ಬಂದಿದ್ದು. ಆಕೆ ಮೊದಲು ನೋಡಿದ್ದು ಅಮ್ಮನ ಕುರ್ಚಿಯನ್ನು. ತುಂಬ ತಗ್ಗು, ಸೀಟು ಬೇರೆ ಮೆತ್ತಗೆ ಕುಸಿಯುತ್ತಿತ್ತು. ಅಂಥ ಕುರ್ಚಿಯಿಂದ ಏಳಲು ತೊಡೆಗೆ ಬಹಳ ಬಲ ಬೇಕು. ಗಟ್ಟಿ ದಿಂಬು ಹಾಕಿ ಎತ್ತರಿಸಿದರು. ಆಮೇಲೆ ಅಮ್ಮನಿಗೆ ಹೇಳಿಕೊಟ್ಟರು: ಸೀಟಿನ ಅಂಚಿಗೆ ಸರಿಯಿರಿ, ಪಾದ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ, ಕುರ್ಚಿಯ ಕೈ ಒತ್ತಿ, ಮುಂದಕ್ಕೆ ಬಾಗಿ, ಈಗ ಏಳಿ. ಅಮ್ಮ ಎದ್ದರು. ನಾನು ಕೈ ಚಾಚಿ ನಿಂತಿದ್ದೆ, ಬೇಕಾಗಲೇ ಇಲ್ಲ. ವಾಕರ್ ಎತ್ತರವನ್ನೂ ಸರಿ ಮಾಡಿದರು. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಅದರ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕಂತೆ. ಕಮೋಡಿನ ಮೇಲೆ ಎತ್ತರದ ಸೀಟು, ಪಕ್ಕದ ಗೋಡೆಗೆ ಹಿಡಿಕೆ. ಇಷ್ಟಕ್ಕೆ ಹಾಳೆಯ ಎಷ್ಟೋ ಸಾಲುಗಳು ಹೊಡೆದು ಹೋದವು. ದಿನವಿಡೀ ಆಳು ಹುಡುಕುವ ಮೊದಲು ಇಂಥವರು ಒಮ್ಮೆ ಬಂದು ಮನೆ ನೋಡುವ ಹಾಗೆ ಮಾಡಿ.

ಸ್ನಾನ ಮಾತ್ರ ಉಳಿಯಿತು. ಹೊರಗಿನವರ ಮುಂದೆ ಬಟ್ಟೆ ಬಿಚ್ಚಲು ಅಮ್ಮನಿಗೆ ಸಂಕೋಚ. ಅದಕ್ಕೆ ಬಂದ ಸಹಾಯಕಿಗೆ ಮೊದಮೊದಲು ಬರೀ ತಲೆ ತೊಳೆಯಲು ಹೇಳಿದೆವು. ಕುರ್ಚಿಯಲ್ಲಿ ಕೂರಿಸಿ, ಭುಜಕ್ಕೆ ಟವೆಲ್ ಹೊದಿಸಿ, ನೀರಿನ ಬಿಸಿಯನ್ನು ಮೊದಲು ಅಮ್ಮನ ಕೈಗೆ ತಾಗಿಸಿ "ಸಾಕಾ ಅಮ್ಮಾ?" ಅಂತ ಕೇಳುತ್ತಿದ್ದರು. ಕೊನೆಗೆ ಅಮ್ಮನೇ "ಬೆನ್ನೂ ತೊಳೆದುಬಿಡು" ಅಂದರು.

ಇನ್ನು ನೋಡಿಕೊಳ್ಳುವವರ ವಿಷಯ. ನಿಮ್ಮ ದಿನಕ್ಕೂ ಒಂದು ಹಾಳೆ ಇರಲಿ: ನಿದ್ದೆ, ಊಟ, ಬೆನ್ನು ನೋವು, ಕೆಲಸಕ್ಕೆ ಹಾಕಿದ ರಜೆ. ನೋಡಿಕೊಳ್ಳುವವರ ಮೇಲಿನ ಹೊರೆಯನ್ನೂ ಅಳೆಯುವ ವಿಧಾನವಿದೆ. ಜ್ಯಾರಿಟ್ ಎಂಬ ಸಂಶೋಧಕರ ಹೆಸರಿನ ಒಂದು ಪ್ರಶ್ನಾವಳಿಯಲ್ಲಿ 22 ಪ್ರಶ್ನೆಗಳು, ಒಂದೊಂದಕ್ಕೂ 0ಯಿಂದ 4 ಅಂಕ. ನನಗೆ ಸಾಕಾಗಿದೆ ಅಂತ ಬಾಯಿಬಿಟ್ಟು ಹೇಳಲಾಗದವರಿಗೆ ಅಂಕ ಹಾಕುವುದು ಸುಲಭ. ನಿಮಗೆ ಬಿಡುವು ಸಿಗಲಿ ಅಂತಲೇ ಹಿರಿಯರನ್ನು ಹಗಲು ನೋಡಿಕೊಳ್ಳುವ ಡೇ ಕೇರ್‌ಗಳು, ಕೆಲವು ದಿನ ಇರಿಸಿಕೊಳ್ಳುವ ಜಾಗಗಳು ಇರುತ್ತವೆ. ಇದ್ದರೆ ಸಂಕೋಚವಿಲ್ಲದೆ ಬಳಸಿ. ಮರೆವಿನ ಕಾಯಿಲೆ ಇರುವವರ ಮನೆಯವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 'ಐಸಪೋರ್ಟ್' ಎಂಬ ತರಬೇತಿ ರೂಪಿಸಿದೆ. 1984ರಲ್ಲಿ ಶುರುವಾದ ಅಲ್ಜೈಮರ್ಸ್ ಡಿಸೀಸ್ ಇಂಟರ್‌ನ್ಯಾಷನಲ್ ಒಕ್ಕೂಟದಲ್ಲಿ ಬಹಳಷ್ಟು ದೇಶಗಳ ಸಂಘಗಳಿವೆ. ಅವುಗಳ ಮೂಲಕ ಹತ್ತಿರದ ಗುಂಪು ಸಿಗಬಹುದು.

ಫೋನ್ ಮಾಡುವಾಗ ದುಡ್ಡು ಎಷ್ಟು ಅಂತ ಕೇಳುವುದರ ಜೊತೆಗೆ ಇವನ್ನೂ ಕೇಳಿ. ದಿನಾ ಒಬ್ಬರೇ ಬರುತ್ತಾರಾ? ಅವರು ಬರದ ದಿನ ಯಾರು? ಯಾವ ಕೆಲಸ ಮಾಡಲ್ಲ? ಬಿದ್ದರೆ ಒಬ್ಬರೇ ಎತ್ತೋಕೆ ನೋಡ್ತಾರಾ, ಇಲ್ಲ ಇನ್ನೊಬ್ಬರನ್ನು ಕರೀತಾರಾ? ಎಷ್ಟು ದಿನ ಕಾಯಬೇಕು? ಇಲ್ಲ ಅಂದವರ ಫೋನನ್ನೂ ತಕ್ಷಣ ಇಡಬೇಡಿ. "ನಿಮ್ಮಿಂದ ಆಗಲ್ಲ ಅಂದ್ರೆ ಯಾರನ್ನ ಕೇಳಲಿ?" ಅನ್ನಿ. ನಮಗೆ ಕಮೋಡ್ ಕುರ್ಚಿಯನ್ನು ಬೇಕಾದಷ್ಟು ದಿನಕ್ಕೆ ಎರವಲು ಕೊಟ್ಟವರ ವಿಷಯ ತಿಳಿದಿದ್ದು ಹಾಗೆ ಕೇಳಿದ್ದರಿಂದಲೇ. ಅವರ ಹತ್ತಿರ ವಾಕರ್, ಗಾಲಿಕುರ್ಚಿ, ಗಾಳಿ ಹಾಸಿಗೆ ಕೂಡ ಇದ್ದವು.